ಉತ್ತರದ ವಾಕ್ಯ: ಸಂಖ್ಯಾಶಾಸ್ತ್ರದ ಒಂದು ಕ್ರೆಡಿಟ್ ಪರೀಕ್ಷೆ ಮತ್ತು ಅದರ ಸಿದ್ಧತೆ

೧

ಪರೀಕ್ಷೆಗಾಗಿ ಹುಟ್ಟುವ ಬರವಣಿಗೆ ಸಾಮಾನ್ಯವಾಗಿ ವಿಮರ್ಶಕರ ಕಣ್ಣಿಗೆ ಬೀಳುವುದಿಲ್ಲ. ಮಾರ್ಗದರ್ಶಿಗಳು, ಪ್ರಶ್ನೋತ್ತರಮಾಲೆಗಳು, ಹಳೆಯ ಪ್ರಶ್ನಪತ್ರಿಕೆಗಳ ಸಂಗ್ರಹಗಳು ಒಂದು ವರ್ಷದ ಆಯುಸ್ಸಿನವು. ಪರೀಕ್ಷೆ ಮುಗಿದೊಡನೆ ರದ್ದಿಯ ಪಾಲಾಗುತ್ತವೆ. ಆದರೆ ಒಂದು ಶಾಸ್ತ್ರವು ಹೊಸಬರಿಗೆ ತನ್ನನ್ನು ಯಾವ ಮಾತುಗಳಲ್ಲಿ ಪರಿಚಯಿಸಿಕೊಳ್ಳುತ್ತದೆ, ಅವರಿಂದ ಯಾವ ಮಾತುಗಳನ್ನು ನಿರೀಕ್ಷಿಸುತ್ತದೆ ಎಂಬುದನ್ನು ತಿಳಿಯಬೇಕಾದರೆ ಇವುಗಳಷ್ಟು ನೇರವಾದ ಸಾಕ್ಷ್ಯ ದೊರೆಯುವುದು ಕಷ್ಟ. ಪ್ರಕೃತ ಲೇಖನದಲ್ಲಿ ನಾವು ಅಂಥ ಒಂದು ಪರೀಕ್ಷೆಯನ್ನೂ ಅದರ ಸುತ್ತ ಬೆಳೆದಿರುವ ಸಿದ್ಧತೆಯ ಬರವಣಿಗೆಯನ್ನೂ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಅದು ಅಮೆರಿಕದ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುವ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಸ್ಟ್ಯಾಟಿಸ್ಟಿಕ್ಸ್ ಪರೀಕ್ಷೆ.

ಈ ಏರ್ಪಾಡು ಆರಂಭವಾದುದು ೧೯೫೦ರ ದಶಕದ ಮಧ್ಯಭಾಗದಲ್ಲಿ. ಪ್ರೌಢಶಾಲೆಯಲ್ಲಿರುವಾಗಲೇ ಕಾಲೇಜಿನ ಮಟ್ಟದ ಒಂದು ವಿಷಯವನ್ನು ಓದಿ, ಮೇ ತಿಂಗಳಲ್ಲಿ ಪರೀಕ್ಷೆಗೆ ಕುಳಿತು, ಸಾಕಷ್ಟು ದರ್ಜೆ ಪಡೆದ ವಿದ್ಯಾರ್ಥಿಗೆ ಅವನು ಮುಂದೆ ಸೇರುವ ಕಾಲೇಜು ಆ ವಿಷಯದ ಕ್ರೆಡಿಟ್ಟನ್ನು ಕೊಡಬಹುದು. ದರ್ಜೆಗಳು ೧ರಿಂದ ೫ರವರೆಗೆ. ೩ನ್ನು ಒಪ್ಪುವ ಕಾಲೇಜುಗಳಿವೆ, ೪ ಅಥವಾ ೫ ಬೇಕೆನ್ನುವುವೂ ಇವೆ. ಸಂಖ್ಯಾಶಾಸ್ತ್ರ ಈ ಪಟ್ಟಿಗೆ ತಡವಾಗಿ, ೧೯೯೭ರಲ್ಲಿ, ಸೇರಿತು. ಮೊದಲ ವರ್ಷ ಪರೀಕ್ಷೆಗೆ ಕುಳಿತವರು ಎಂಟು ಸಾವಿರಕ್ಕಿಂತ ಕಡಿಮೆ; ೨೦೧೭ರ ಹೊತ್ತಿಗೆ ಆ ಸಂಖ್ಯೆ ಎರಡು ಲಕ್ಷವನ್ನು ಮೀರಿತ್ತು.

ಕ್ರೆಡಿಟ್ ದೊರೆಯಿತೆಂದರೆ ವಿದ್ಯಾರ್ಥಿಗೆ ಒಂದು ತರಗತಿಯ ಶುಲ್ಕವೂ ಕಾಲವೂ ಉಳಿಯುತ್ತವೆ. ಪರೀಕ್ಷೆಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ಗುರುತರವಾದ ಸಂಗತಿ ಬೇರೊಂದಿದೆ. ಕ್ರೆಡಿಟ್ ಪಡೆದವನು ಕಾಲೇಜಿನ ಪ್ರವೇಶ ಮಟ್ಟದ ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಕೂರಬೇಕಾಗಿಲ್ಲ. ಅವನು ಆರಿಸಿಕೊಂಡ ವಿಷಯ ಸಾಹಿತ್ಯವೋ ಕಾನೂನೋ ಆದಲ್ಲಿ ಬಹುಶಃ ಜೀವಮಾನದಲ್ಲಿ ಮತ್ತೆ ಆ ಶಾಸ್ತ್ರದ ಪಾಠವನ್ನು ಕೇಳುವುದಿಲ್ಲ. ಮುಂದೆ ಅವನು ಪತ್ರಿಕೆಯಲ್ಲಿ ಓದುವ ಸಮೀಕ್ಷೆಯನ್ನು, ವೈದ್ಯರು ಹೇಳುವ ಔಷಧದ ಫಲಿತಾಂಶವನ್ನು, ಸರ್ಕಾರ ಮುಂದಿಡುವ ಅಂಕಿ-ಅಂಶವನ್ನು ಅಳೆಯುವುದು ಹದಿನೇಳನೆಯ ವಯಸ್ಸಿನಲ್ಲಿ ಪರೀಕ್ಷೆಗೆಂದು ಕೂಡಿಸಿಕೊಂಡ ತಿಳಿವಳಿಕೆಯಿಂದಲೇ. ಹೀಗಿರುವಲ್ಲಿ ಸಿದ್ಧತೆಯೇ ಶಿಕ್ಷಣದ ಆದಿಯೂ ಅಂತ್ಯವೂ ಆಗುತ್ತದೆ. ಆ ಸಿದ್ಧತೆ ಎಂಥದು ಎಂಬ ಪ್ರಶ್ನೆಯನ್ನು ಆದುದರಿಂದ ಹಗುರವಾಗಿ ಕಾಣುವಂತಿಲ್ಲ.

೨

ಮೊದಲು ಪರೀಕ್ಷೆಯ ರಚನೆಯನ್ನು ನೋಡೋಣ. ೨೦೨೫ರ ಪರೀಕ್ಷೆಯ ಅವಧಿ ಮೂರು ಗಂಟೆ. ಮೊದಲ ಒಂದೂವರೆ ಗಂಟೆಯಲ್ಲಿ ೪೦ ಬಹು ಆಯ್ಕೆಯ ಪ್ರಶ್ನೆಗಳು. ಉಳಿದ ಒಂದೂವರೆ ಗಂಟೆಯಲ್ಲಿ ೬ ಬರೆಹದ ಪ್ರಶ್ನೆಗಳು. ಎರಡು ಭಾಗಗಳಿಗೂ ಸಮಾನ ತೂಕ. ಬರೆಹದ ಪ್ರಶ್ನೆಗಳ ಪೈಕಿ ಆರನೆಯದು ಅನ್ವೇಷಣೆಯ ಪ್ರಶ್ನೆ. ಎರಡನೆಯ ಭಾಗದ ಕಾಲು ಪಾಲು, ಎಂದರೆ ಒಟ್ಟು ಪರೀಕ್ಷೆಯ ನೂರಕ್ಕೆ ಹನ್ನೆರಡೂವರೆ, ಅದೊಂದಕ್ಕೇ ಮೀಸಲು. ಮಿಕ್ಕ ಐದಕ್ಕೆ ತಲಾ ಏಳೂವರೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸೂತ್ರಗಳ ಹಾಳೆಯನ್ನು ಪರೀಕ್ಷಕರೇ ಒದಗಿಸುತ್ತಾರೆ. ಕೋಷ್ಟಕಗಳೂ ಅದರೊಡನೆ ಬರುತ್ತವೆ. ಲೆಕ್ಕ ಮಾಡಲು ಸಂಖ್ಯಾಶಾಸ್ತ್ರದ ಕ್ರಿಯೆಗಳನ್ನು ಬಲ್ಲ ಕ್ಯಾಲ್ಕ್ಯುಲೇಟರಿಗೆ ಅನುಮತಿ ಇದೆ. ನೆನಪಿನ ಭಾರವನ್ನೂ ಗುಣಾಕಾರದ ಶ್ರಮವನ್ನೂ ಹೀಗೆ ಇಳಿಸಿದ ಮೇಲೆ ಪರೀಕ್ಷಿಸಲು ಉಳಿಯುವುದೇನು? ಎರಡು ಶಕ್ತಿಗಳು ಉಳಿಯುತ್ತವೆ: ಎದುರಿನ ಸನ್ನಿವೇಶಕ್ಕೆ ಯಾವ ವಿಧಾನ ತಕ್ಕದ್ದು ಎಂದು ಆರಿಸುವ ಶಕ್ತಿ ಮತ್ತು ದೊರೆತ ಸಂಖ್ಯೆಯ ಅರ್ಥವನ್ನು ಆ ಸನ್ನಿವೇಶದ ಮಾತಿನಲ್ಲಿ ಹೇಳುವ ಶಕ್ತಿ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಕಾಲೇಜಿನ ಅಧ್ಯಾಪಕರೂ ಪ್ರೌಢಶಾಲೆಯ ಶಿಕ್ಷಕರೂ ಉತ್ತರಗಳನ್ನು ಬೆಲೆಕಟ್ಟುವಾಗ ಪ್ರಶ್ನೆಯ ಒಂದೊಂದು ಅಂಗವನ್ನೂ ಸಾರತಃ ಸರಿ, ಭಾಗಶಃ ಸರಿ, ತಪ್ಪು ಎಂದು ಮೂರಾಗಿ ವಿಂಗಡಿಸಿ, ಅನಂತರ ಇಡೀ ಪ್ರಶ್ನೆಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತ ಬಂದಿದ್ದಾರೆ. ಸಂಖ್ಯೆ ಸರಿಯಾಗಿದ್ದು ಮಾತು ತಪ್ಪಿದ ಉತ್ತರ ಭಾಗಶಃ ಸರಿ ಎಂಬ ಎರಡನೆಯ ವರ್ಗಕ್ಕೆ ಇಳಿಯುವುದು ಸಾಮಾನ್ಯ.

ಆದುದರಿಂದ ಇದು ಗಣಿತದ ವೇಷದಲ್ಲಿ ಬಂದಿರುವ ಗದ್ಯದ ಪರೀಕ್ಷೆ ಎಂದರೆ ಅತಿಶಯೋಕ್ತಿಯಾಗಲಾರದು. ಭಾಷೆಯನ್ನು ಓದುವುದನ್ನೇ ಕಸುಬಾಗಿ ಉಳ್ಳ ನಮ್ಮಂಥವರು ಇದರ ವಿಷಯದಲ್ಲಿ ಮಾತನಾಡಲು ಅಧಿಕಾರವಿದ್ದರೆ ಅದು ಈ ಕಾರಣದಿಂದ.

೩

ನಿದರ್ಶನಕ್ಕಾಗಿ ನಾವೇ ಒಂದು ಸಣ್ಣ ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಒಂದು ದೊಡ್ಡ ಊರಿನ ಕುಟುಂಬಗಳಲ್ಲಿ ೪೦೦ನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿ, ಮನೆಗೆ ದಿನಪತ್ರಿಕೆ ತರಿಸುವಿರಾ ಎಂದು ಕೇಳಲಾಯಿತು. ೨೪೦ ಕುಟುಂಬಗಳು ಹೌದೆಂದವು. ಮಾದರಿಯಲ್ಲಿ ಕಂಡ ಪ್ರಮಾಣ ೦.೬೦. ಸೂತ್ರಕ್ಕೆ ಅಳವಡಿಸಿದರೆ ಮಾನಕ ದೋಷ ಸುಮಾರು ೦.೦೨೪೫, ಅದನ್ನು ೧.೯೬ರಿಂದ ಗುಣಿಸಿದರೆ ಸುಮಾರು ೦.೦೪೮. ಎಂದರೆ ನೂರಕ್ಕೆ ೯೫ರ ವಿಶ್ವಾಸಾಂತರ ೦.೫೫೨ರಿಂದ ೦.೬೪೮ರವರೆಗೆ. ಇಷ್ಟನ್ನು ಯಂತ್ರ ಕ್ಷಣಮಾತ್ರದಲ್ಲಿ ಮಾಡಿಕೊಡುತ್ತದೆ. ಇದರ ಅರ್ಥವೇನು ಎಂದು ಕೇಳಿದಾಗ ಬರುವ ವಾಕ್ಯಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು: 'ಊರಿನ ಕುಟುಂಬಗಳಲ್ಲಿ ನೂರಕ್ಕೆ ೯೫ ಈ ಎರಡು ಸಂಖ್ಯೆಗಳ ನಡುವೆ ಇವೆ.' ಈ ವಾಕ್ಯಕ್ಕೆ ಅರ್ಥವೇ ಇಲ್ಲ. ಒಂದು ಕುಟುಂಬ ಪತ್ರಿಕೆಯನ್ನು ತರಿಸುತ್ತದೆ, ಇಲ್ಲವೆ ತರಿಸುವುದಿಲ್ಲ; ಅದು ೦.೫೫೨ ಮತ್ತು ೦.೬೪೮ರ ನಡುವೆ ಇರುವುದು ಹೇಗೆ?

ಎರಡನೆಯದು: 'ಮಾದರಿಯ ಪ್ರಮಾಣ ಈ ಅಂತರದಲ್ಲಿದೆ ಎಂದು ನಮಗೆ ನೂರಕ್ಕೆ ೯೫ರಷ್ಟು ವಿಶ್ವಾಸವಿದೆ.' ಮಾದರಿಯ ಪ್ರಮಾಣ ೦.೬೦ ಎಂಬುದು ಎಣಿಸಿ ತಿಳಿದ ಸಂಗತಿ. ಅದರಲ್ಲಿ ಸಂದೇಹವೇ ಇಲ್ಲದಿರುವಾಗ ವಿಶ್ವಾಸದ ಮಾತು ಎಲ್ಲಿಂದ ಬಂತು? ಕಾಣದಿರುವುದು ಊರಿನ ಎಲ್ಲ ಕುಟುಂಬಗಳ ಪ್ರಮಾಣ. ಈ ವಾಕ್ಯವನ್ನು ಬರೆದವನು ಸಮಷ್ಟಿಯನ್ನೂ ಮಾದರಿಯನ್ನೂ ಒಂದೇ ಎಂದು ಭ್ರಮಿಸಿದ್ದಾನೆ. ಈ ಶಾಸ್ತ್ರದ ಮೂಲಭೇದವೇ ಅವನಿಗೆ ತಪ್ಪಿಹೋಗಿದೆ.

ಮೂರನೆಯದು: 'ಊರಿನ ಎಲ್ಲ ಕುಟುಂಬಗಳ ಪ್ರಮಾಣ ಈ ಅಂತರದಲ್ಲಿರುವ ಸಂಭವನೀಯತೆ ೦.೯೫.' ಇದು ಬುದ್ಧಿವಂತನ ತಪ್ಪು. ಆದುದರಿಂದಲೇ ಬಿಡಿಸಲು ಕಷ್ಟ. ೧೯೩೭ರಲ್ಲಿ ಈ ವಿಧಾನವನ್ನು ಪ್ರತಿಪಾದಿಸಿದ ಜೆರ್ಜಿ ನೇಮನ್ ಅವರ ಅಭಿಪ್ರಾಯದಲ್ಲಿ ಸಮಷ್ಟಿಯ ಪ್ರಮಾಣ ಸ್ಥಿರವಾದುದು. ನಮಗೆ ತಿಳಿಯದಿದ್ದರೂ ಅದು ಅಲುಗುವುದಿಲ್ಲ. ಮಾದರಿಯಿಂದ ಮಾದರಿಗೆ ಅಲುಗುವುದು ಅಂತರ. ಮಾದರಿಯನ್ನು ಎತ್ತಿ ಲೆಕ್ಕ ಮುಗಿಸಿದ ಮೇಲೆ ಈ ಅಂತರ ಆ ಪ್ರಮಾಣವನ್ನು ಹಿಡಿದಿದೆ ಅಥವಾ ಹಿಡಿದಿಲ್ಲ. ನಡುವೆ ಮೂರನೆಯ ಸ್ಥಿತಿಯಿಲ್ಲ. ೯೫ ಎಂಬ ಸಂಖ್ಯೆ ಈ ಒಂದು ಅಂತರದ ಗುಣವಲ್ಲ, ವಿಧಾನದ ಗುಣ: ಇದೇ ರೀತಿಯಲ್ಲಿ ಮತ್ತೆ ಮತ್ತೆ ಮಾದರಿಗಳನ್ನು ತೆಗೆದು ಅಂತರಗಳನ್ನು ಕಟ್ಟುತ್ತ ಹೋದರೆ ಅವುಗಳಲ್ಲಿ ನೂರಕ್ಕೆ ಸುಮಾರು ೯೫ ನಿಜವಾದ ಪ್ರಮಾಣವನ್ನು ಒಳಗೊಳ್ಳುತ್ತವೆ.

ಪರೀಕ್ಷಕರು ಒಪ್ಪುವ ವಾಕ್ಯ ಇದು: 'ಈ ಊರಿನ ಎಲ್ಲ ಕುಟುಂಬಗಳಲ್ಲಿ ದಿನಪತ್ರಿಕೆ ತರಿಸುವವುಗಳ ಪ್ರಮಾಣ ೦.೫೫೨ ಮತ್ತು ೦.೬೪೮ರ ನಡುವೆ ಇದೆ ಎಂದು ನಮಗೆ ನೂರಕ್ಕೆ ೯೫ರಷ್ಟು ವಿಶ್ವಾಸವಿದೆ.' ಇದರಲ್ಲಿ 'ಎಲ್ಲ' ಎಂಬ ಪದವನ್ನು ಕಿತ್ತರೆ ವಾಕ್ಯ ಎರಡನೆಯ ತಪ್ಪಿನ ಕಡೆಗೆ ಜಾರುತ್ತದೆ. 'ವಿಶ್ವಾಸ'ದ ಸ್ಥಾನದಲ್ಲಿ 'ಸಂಭವನೀಯತೆ'ಯನ್ನು ಇಟ್ಟರೆ ಮೂರನೆಯ ತಪ್ಪಾಗುತ್ತದೆ. 'ದಿನಪತ್ರಿಕೆ ತರಿಸುವ' ಎಂಬ ವಿಶೇಷಣವನ್ನು ಬಿಟ್ಟರೆ ಸನ್ನಿವೇಶವೇ ಮಾಯವಾಗುತ್ತದೆ. ಒಂದು ಪದವನ್ನೂ ತೆಗೆಯಲಾಗದ, ಬದಲಿಸಲಾಗದ ವಾಕ್ಯ ಎಂದು ನಾವು ಒಳ್ಳೆಯ ಗದ್ಯವನ್ನು ಹೊಗಳುವುದುಂಟು. ಇಲ್ಲಿ ಆ ಲಕ್ಷಣ ಅಲಂಕಾರಕ್ಕಾಗಿ ಬಂದುದಲ್ಲ, ಸತ್ಯದ ನಿರ್ಬಂಧದಿಂದ ಬಂದುದು.

ಆದರೂ ಈ ವಾಕ್ಯ ನಿರ್ದೋಷವೆಂದು ನಾವು ಹೇಳಲಾರೆವು. 'ವಿಶ್ವಾಸ' ಎಂಬುದು ಲೋಕರೂಢಿಯಲ್ಲಿ ಹೇಳುವವನ ಮನಸ್ಸಿನ ಸ್ಥಿತಿ. ಶಾಸ್ತ್ರದಲ್ಲಿ ಅದು ಒಂದು ವಿಧಾನದ ಸಫಲತೆಯ ಗಣನೆ. ಇಂಗ್ಲಿಷಿನಲ್ಲಿರುವ ಈ ಗೊಂದಲ ಕನ್ನಡದ ಪಾರಿಭಾಷಿಕ ಪದಕ್ಕೂ ಹಾಗೆಯೇ ಬಂದು ಸೇರಿದೆ. ವಿದ್ಯಾರ್ಥಿಯು ಸರಿಯಾದ ವಾಕ್ಯವನ್ನು ಬರೆದು, ಮನಸ್ಸಿನಲ್ಲಿ ಮೂರನೆಯ ವಾಕ್ಯದ ಅರ್ಥವನ್ನೇ ಇಟ್ಟುಕೊಂಡಿರುವುದು ಸಂಪೂರ್ಣ ಸಾಧ್ಯ. ಪರೀಕ್ಷಕನಿಗೆ ಕಾಣುವುದು ವಾಕ್ಯ ಮಾತ್ರ. ಪರೀಕ್ಷೆಯ ಮುಖ್ಯ ದೌರ್ಬಲ್ಯ ಇರುವುದು ಇಲ್ಲಿ.

೪

ಪ್ರಾಕ್ಕಲ್ಪನೆಯ ಪರೀಕ್ಷಣೆಗೆ ಸಂಬಂಧಿಸಿದ ವಾಕ್ಯ ಇನ್ನೂ ಕುತೂಹಲಕರವಾದುದು. ಸಿದ್ಧತೆಯ ಪುಸ್ತಕಗಳು ಕಲಿಸುವ ರೂಪ ಸ್ಥೂಲವಾಗಿ ಹೀಗಿರುತ್ತದೆ: 'ಪಿ-ಮೌಲ್ಯವು ೦.೦೫ಕ್ಕಿಂತ ಕಡಿಮೆ ಇರುವುದರಿಂದ ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸುತ್ತೇವೆ; ಇಂಥದಕ್ಕೆ ಸಾಕಷ್ಟು ಆಧಾರವಿದೆ.' ಗ್ರಂಥಸಂಪಾದನೆಯಲ್ಲಿ ಪಳಗಿದ ಕಣ್ಣಿಗೆ ಈ ವಾಕ್ಯದಲ್ಲಿ ಇಬ್ಬರ ಕೈ ಕಾಣುತ್ತದೆ. ಮೊದಲೇ ಗೊತ್ತುಮಾಡಿದ ಎಲ್ಲೆಯನ್ನು ನೋಡಿ ತಿರಸ್ಕರಿಸುವುದು ಅಥವಾ ಬಿಡುವುದು ೧೯೩೩ರಲ್ಲಿ ನೇಮನ್ ಮತ್ತು ಈಗನ್ ಪಿಯರ್ಸನ್ ರೂಪಿಸಿದ ನಿರ್ಣಯದ ಮಾರ್ಗ. ಆಧಾರದ ಬಲಾಬಲವನ್ನು ಪಿ-ಮೌಲ್ಯದಿಂದ ತೂಗುವುದು ಆರ್. ಎ. ಫಿಶರ್ ಅವರು ೧೯೨೫ರ ತಮ್ಮ ಗ್ರಂಥದ ಮೂಲಕ ಪ್ರಚಾರಕ್ಕೆ ತಂದ ಮಾರ್ಗ. ಈ ಎರಡು ಪಂಥಗಳ ನಡುವೆ ದಶಕಗಳ ಕಾಲ ಕಟುವಾದ ವಾದ ನಡೆಯಿತು. ಇಂದಿನ ವಿದ್ಯಾರ್ಥಿ ಅರ್ಧವಿರಾಮದ ಈಚೆಗೊಬ್ಬರನ್ನು, ಆಚೆಗೊಬ್ಬರನ್ನು ಕೂರಿಸಿ ರಾಜಿ ಮಾಡಿಸುತ್ತಾನೆ. ಆದರೆ ಅಲ್ಲೊಂದು ಜಗಳವಿತ್ತೆಂಬುದೇ ಅವನಿಗೆ ತಿಳಿಯದು.

ಪಿ-ಮೌಲ್ಯದ ಅರ್ಥವನ್ನು ಕುರಿತ ತಪ್ಪು ಗ್ರಹಿಕೆ ವಿದ್ಯಾರ್ಥಿಗಳಿಗೆ ಮಾತ್ರ ಸೀಮಿತವಾದುದಲ್ಲ. ೨೦೧೬ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘವು ಈ ವಿಷಯದಲ್ಲಿ ಒಂದು ಹೇಳಿಕೆಯನ್ನೇ ಪ್ರಕಟಿಸಬೇಕಾಯಿತು. ಪ್ರಾಕ್ಕಲ್ಪನೆ ನಿಜವಾಗಿರುವ ಸಂಭವನೀಯತೆಯನ್ನು ಪಿ-ಮೌಲ್ಯ ಅಳೆಯುವುದಿಲ್ಲ ಎಂಬುದು ಅದರ ಮುಖ್ಯ ತತ್ತ್ವಗಳಲ್ಲಿ ಒಂದು. ಎರಡು ಬೋಧನಕ್ರಮಗಳಲ್ಲಿ ಭೇದವಿಲ್ಲವೆಂದು ಭಾವಿಸಿದಾಗ, ಕಂಡಷ್ಟು ಅಥವಾ ಅದಕ್ಕಿಂತ ಹೆಚ್ಚಿನ ಅಂತರ ಕೇವಲ ಚೀಟಿಯ ಆಟದಿಂದ ಬರುವ ಸಂಭವ ನೂರರಲ್ಲಿ ಎರಡು ಎಂಬುದು ಒಂದು ಮಾತು. ಭೇದವಿಲ್ಲದಿರುವ ಸಂಭವ ನೂರರಲ್ಲಿ ಎರಡು ಎಂಬುದು ಇನ್ನೊಂದು ಮಾತು. 'ಭಾವಿಸಿದಾಗ' ಎಂಬ ಒಂದು ಕ್ರಿಯಾರೂಪದ ಮೇಲೆ ಇಡೀ ಅರ್ಥ ನಿಂತಿದೆ.

ಪಿ-ಮೌಲ್ಯ ದೊಡ್ಡದಾಗಿದ್ದಾಗ ಏನು ಬರೆಯಬೇಕು? 'ಶೂನ್ಯ ಪ್ರಾಕ್ಕಲ್ಪನೆಯನ್ನು ಒಪ್ಪುತ್ತೇವೆ' ಎಂದು ಬರೆದ ಉತ್ತರ ಅಂಕವನ್ನು ಕಳೆದುಕೊಳ್ಳುತ್ತದೆ. 'ತಿರಸ್ಕರಿಸಲು ಆಧಾರ ಸಾಲದು' ಎನ್ನಬೇಕು. ಅನೇಕ ವಿದ್ಯಾರ್ಥಿಗಳು ಇದನ್ನು ಪರೀಕ್ಷಕರ ಮಡಿವಂತಿಕೆ ಎಂದು ಭಾವಿಸುವುದುಂಟು. ಕನ್ನಡ ಬಲ್ಲವರಿಗೆ ಈ ಭೇದ ಅಪರಿಚಿತವಾಗಬಾರದು. ಕತ್ತಲೆಯ ಕೋಣೆಯಲ್ಲಿ ಹುಡುಕಿ ಬಂದವನು 'ಅಲ್ಲಿ ಹಾವು ಕಾಣಲಿಲ್ಲ' ಎನ್ನುವುದಕ್ಕೂ 'ಅಲ್ಲಿ ಹಾವಿಲ್ಲ' ಎನ್ನುವುದಕ್ಕೂ ಇರುವ ದೂರವನ್ನು ಮಕ್ಕಳೂ ಬಲ್ಲರು. ಮೊದಲನೆಯದು ಹುಡುಕಿದವನ ವರದಿ, ಎರಡನೆಯದು ಕೋಣೆಯ ವಿಷಯದಲ್ಲಿ ಆಡಿದ ತೀರ್ಪು. ದೀಪ ಮಂಕಾಗಿದ್ದಷ್ಟೂ, ಎಂದರೆ ಮಾದರಿ ಚಿಕ್ಕದಾದಷ್ಟೂ, ಈ ದೂರ ಹೆಚ್ಚುತ್ತದೆ. ಹೊಸ ಔಷಧವೊಂದರಿಂದ ಹಾನಿ ಕಂಡುಬರಲಿಲ್ಲ ಎಂಬ ವರದಿಯನ್ನು ಹಾನಿಯಿಲ್ಲ ಎಂದು ಓದುವವನು ಪರೀಕ್ಷೆಯಲ್ಲಿ ಕಳೆದುಕೊಳ್ಳುವುದು ಒಂದೆರಡು ಅಂಕ. ಬಾಳಿನಲ್ಲಿ ಕಳೆದುಕೊಳ್ಳುವುದು ಅದಕ್ಕಿಂತ ಹೆಚ್ಚಾಗಬಹುದು.

೫

ಈಗ ಸಿದ್ಧತೆಯ ಬರವಣಿಗೆಯತ್ತ ತಿರುಗೋಣ. ಅದರಲ್ಲಿ ಮೂರು ವರ್ಗಗಳಿವೆ: ವರ್ಷವಿಡೀ ಓದುವ ಪಠ್ಯಗ್ರಂಥಗಳು, ಕೊನೆಯ ತಿಂಗಳುಗಳಿಗೆಂದೇ ಅಚ್ಚಾಗುವ ಸಂಕ್ಷಿಪ್ತ ಮಾರ್ಗದರ್ಶಿಗಳು, ಮತ್ತು ಕಾಲೇಜ್ ಬೋರ್ಡ್ ಬಹಿರಂಗಪಡಿಸುವ ಹಳೆಯ ಬರೆಹದ ಪ್ರಶ್ನೆಗಳು ಹಾಗೂ ಅವುಗಳ ಮೌಲ್ಯಮಾಪನದ ಸೂಚನೆಗಳು.

ಮಾರ್ಗದರ್ಶಿಗಳ ಮುಖ್ಯ ಸಾಧನ ಸಿದ್ಧವಾಕ್ಯ. ಖಾಲಿ ಬಿಟ್ಟ ಜಾಗಗಳುಳ್ಳ ಒಂದು ಅಚ್ಚನ್ನು ಕೊಟ್ಟು, ಪ್ರಶ್ನೆಯಲ್ಲಿನ ಸಂಖ್ಯೆಗಳನ್ನೂ ಹೆಸರುಗಳನ್ನೂ ತುಂಬಿರಿ ಎನ್ನುತ್ತವೆ. ಇದರ ಜೊತೆಗೆ ನೆನಪಿನ ಸೂತ್ರಗಳಿವೆ. ವಿಶ್ವಾಸಾಂತರದ ಉತ್ತರಕ್ಕೆ 'ಪ್ಯಾನಿಕ್' ಎಂಬುದೊಂದು: ಅದರ ಐದು ಅಕ್ಷರಗಳು ಕ್ರಮವಾಗಿ ಸಮಷ್ಟಿಯ ಅಳತೆ, ನಿಬಂಧನೆಗಳು, ವಿಧಾನದ ಹೆಸರು, ಅಂತರ, ತೀರ್ಮಾನ ಎಂಬ ಐದು ಮೆಟ್ಟಿಲುಗಳನ್ನು ನೆನಪಿಗೆ ತರುತ್ತವೆ. ಹೀಗೆ ಕಲಿಸುವುದನ್ನು ನಾವು ಹಳಿಯುವುದಿಲ್ಲ. 'ಯಮಾತಾರಾಜಭಾನಸಲಗಂ' ಎಂಬುದನ್ನು ಬಾಯಿಪಾಠ ಮಾಡದೆ ಗಣಗಳನ್ನು ಕಲಿತವರು ನಮ್ಮಲ್ಲಿ ಎಷ್ಟು ಮಂದಿ? ಆ ಸೂತ್ರದಿಂದ ವೃತ್ತದ ಪ್ರಸ್ತಾರ ಸಾಧ್ಯವಾಗುತ್ತದೆ. ಅದರಿಂದ ಪದ್ಯ ಹುಟ್ಟುವುದಿಲ್ಲವೆಂಬುದು ಸೂತ್ರದ ದೋಷವಲ್ಲ. ಮೊದಲ ಸಲ ಬರೆಯುವ ವಿದ್ಯಾರ್ಥಿಗೆ ಒಂದು ಹಿಡಿಕೆ ಬೇಕು. ಒತ್ತಡದ ಒಂದೂವರೆ ಗಂಟೆಯಲ್ಲಿ 'ಎಲ್ಲ' ಎಂಬ ಪದ ಬಿಟ್ಟುಹೋಗದಂತೆ ಅಚ್ಚು ಕಾಯುತ್ತದೆ.

ದೋಷವಿರುವುದು ಅಚ್ಚಿನ ಕಾರಣವನ್ನು ಹೇಳದೆ ಬಿಡುವುದರಲ್ಲಿ. ನಿಬಂಧನೆಗಳ ಉದಾಹರಣೆಯನ್ನು ನೋಡಿ. ಮೇಲಿನ ಲೆಕ್ಕಕ್ಕೆ ಮೂರು ನಿಬಂಧನೆಗಳಿವೆ: ಮಾದರಿ ಯಾದೃಚ್ಛಿಕವಾಗಿರಬೇಕು, ಅದು ಸಮಷ್ಟಿಯ ಹತ್ತನೆಯ ಒಂದು ಪಾಲನ್ನು ಮೀರಬಾರದು, ಹೌದೆಂದವರೂ ಇಲ್ಲವೆಂದವರೂ ತಲಾ ಹತ್ತಕ್ಕೆ ಕಡಿಮೆಯಿರಬಾರದು. ನಮ್ಮ ನಿದರ್ಶನದಲ್ಲಿ ೨೪೦ ಮತ್ತು ೧೬೦ ಇರುವುದರಿಂದ ಕೊನೆಯದಕ್ಕೆ ಬಾಧೆಯಿಲ್ಲ. ಮಾರ್ಗದರ್ಶಿಯನ್ನು ನಂಬಿದ ವಿದ್ಯಾರ್ಥಿ ಮೂರರ ಮುಂದೆಯೂ ಸರಿಗುರುತು ಹಾಕಿ ಮುಂದೆ ಹೋಗುತ್ತಾನೆ. ಮೊದಲನೆಯದು ಸಮಷ್ಟಿಯ ಪರವಾಗಿ ಮಾತನಾಡುವ ಅಧಿಕಾರವನ್ನು ಕೊಡುತ್ತದೆ, ಎರಡನೆಯದು ಒಮ್ಮೆ ಎತ್ತಿದ ಚೀಟಿಯನ್ನು ಮತ್ತೆ ಹಾಕದಿರುವುದರಿಂದ ಲೆಕ್ಕ ಕೆಡದಂತೆ ನೋಡಿಕೊಳ್ಳುತ್ತದೆ, ಮೂರನೆಯದು ೧.೯೬ ಎಂಬ ಸಂಖ್ಯೆಯನ್ನು ನಮಗೆ ಒದಗಿಸಿದ ಗಂಟೆಯಾಕಾರದ ವಕ್ರರೇಖೆಯನ್ನು ಇಲ್ಲಿ ಬಳಸಬಹುದೆಂದು ಹೇಳುತ್ತದೆ. ಮೂರರ ತೂಕವೂ ಒಂದೇ ಅಲ್ಲ. ಮೊದಲನೆಯದು ಮುರಿದರೆ ಯಾವ ಸೂತ್ರವೂ ಕೈಹಿಡಿಯದು. ಈ ತಾರತಮ್ಯ ಸರಿಗುರುತಿನಲ್ಲಿ ಅಳಿಸಿಹೋಗುತ್ತದೆ.

ಅಚ್ಚು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಆರನೆಯ ಪ್ರಶ್ನೆ ತೋರಿಸಿಕೊಡುತ್ತದೆ. ೨೦೦೯ರ ಆರನೆಯ ಪ್ರಶ್ನೆ ಒಂದು ಉತ್ತಮ ಉದಾಹರಣೆ. ಕಾರಿನ ಇಂಧನಕ್ಷಮತೆಯನ್ನು ತಯಾರಕರು ಹೆಚ್ಚಾಗಿ ಹೇಳಿಕೊಳ್ಳುತ್ತಿದ್ದಾರೆಂಬ ಶಂಕೆಯಿಂದ ಅದು ಆರಂಭವಾಗುತ್ತದೆ. ಅನಂತರ ಮಾದರಿಯ ಸರಾಸರಿಯನ್ನು ಮಧ್ಯಾಂಕದಿಂದ ಭಾಗಿಸಿ ಬರುವ ಸಂಖ್ಯೆಯನ್ನು ಮುಂದಿಟ್ಟು, ಅಂಕಿಗಳು ಬಲಗಡೆಗೆ ವಾಲಿದ್ದರೆ ಈ ಭಾಗಲಬ್ಧ ಹೇಗಿರುತ್ತದೆ ಎಂದು ಕೇಳುತ್ತದೆ. ಮುಂದೆ, ವಾಲದಿರುವ ಸಮಷ್ಟಿಯಿಂದ ಕೃತಕವಾಗಿ ಎತ್ತಿದ ಅನೇಕ ಮಾದರಿಗಳ ಭಾಗಲಬ್ಧಗಳನ್ನು ಚುಕ್ಕೆಗಳಲ್ಲಿ ತೋರಿಸಿ, ಕಂಡ ಬೆಲೆ ಅಸಾಧಾರಣವೇ ಎಂದು ತೀರ್ಮಾನಿಸಲು ಹೇಳುತ್ತದೆ. ಕೊನೆಗೆ, ಕನಿಷ್ಠ, ಗರಿಷ್ಠ, ಮಧ್ಯಾಂಕ, ಎರಡು ಚತುರ್ಥಕಗಳು ಇವುಗಳನ್ನು ಬಳಸಿ ವಾಲುವಿಕೆಯ ಒಂದು ಹೊಸ ಅಳತೆಯನ್ನು ನೀನೇ ಕಟ್ಟು ಎನ್ನುತ್ತದೆ. ಈ ಪರೀಕ್ಷಣೆ ಪಠ್ಯದಲ್ಲಿಲ್ಲ. ಹೊಸ ಅಳತೆಗೆ ಸಿದ್ಧವಾಕ್ಯವೂ ಇಲ್ಲ. ಪಿ-ಮೌಲ್ಯದ ತಿರುಳನ್ನು, ಎಂದರೆ 'ಹಾಗೆಂದು ಭಾವಿಸಿದರೆ ಇಂಥದು ಎಷ್ಟು ಅಪರೂಪ' ಎಂಬ ವಿಚಾರವನ್ನು, ಅರಿತವನು ಮಾತ್ರ ಇಲ್ಲಿ ನಡೆಯಬಲ್ಲ. ವಾಕ್ಯದ ಹಿಂದೆ ಅರ್ಥವಿದೆಯೇ ಎಂದು ನೋಡಲು ಪರೀಕ್ಷೆಗೆ ಇರುವ ಅತ್ಯುತ್ತಮ ಸಾಧನ ಇಂಥ ಪ್ರಶ್ನೆಯೇ. ಹನ್ನೆರಡೂವರೆಯ ತೂಕ ಇದಕ್ಕೆ ಕಡಿಮೆ ಎಂಬುದು ನಮ್ಮ ಅಭಿಪ್ರಾಯ.

೬

ಇನ್ನೊಂದು ವಿಷಯವನ್ನು ಹೇಳಿ ಮುಗಿಸುತ್ತೇವೆ. ಈ ವಿಷಯದ ಪಠ್ಯದಲ್ಲಿ ಮಾದರಿ ಮತ್ತು ಪ್ರಯೋಗಗಳ ಭಾಗವೊಂದಿದೆ. ಲೆಕ್ಕ ಕಡಿಮೆಯಿರುವುದರಿಂದ ಅನೇಕರು ಅದನ್ನು ಅವಸರದಲ್ಲಿ ಓದುತ್ತಾರೆ. ಆದರೆ ಎರಡು ಬಗೆಯ ಯಾದೃಚ್ಛಿಕತೆಯ ಭೇದ ಅಲ್ಲಿಯೇ ಬರುವುದು. ಸಮಷ್ಟಿಯಿಂದ ಚೀಟಿ ಎತ್ತಿ ಜನರನ್ನು ಆರಿಸಿದ್ದರೆ ಫಲಿತಾಂಶವನ್ನು ಸಮಷ್ಟಿಗೆ ವಿಸ್ತರಿಸಬಹುದು. ಬಂದ ಜನರನ್ನೇ ಚೀಟಿಯಿಂದ ಎರಡು ಗುಂಪು ಮಾಡಿ ಬೇರೆ ಬೇರೆ ಉಪಚಾರ ಕೊಟ್ಟಿದ್ದರೆ ಕಾರಣ-ಕಾರ್ಯಗಳ ಮಾತನಾಡಬಹುದು. ಎರಡೂ ಇಲ್ಲದೆಡೆಯಲ್ಲಿ ಎರಡು ಮಾತನ್ನೂ ಆಡುವಂತಿಲ್ಲ.

ತಮ್ಮ ಪುಸ್ತಕವನ್ನು ಓದಿದವರು, ತಮ್ಮ ತರಗತಿಗೆ ಬಂದವರು ಹೆಚ್ಚಿನ ದರ್ಜೆ ಪಡೆದರು ಎಂಬ ಪ್ರಚಾರ ಸಿದ್ಧತೆಯ ಮಾರುಕಟ್ಟೆಯಲ್ಲಿ ಸರ್ವೇಸಾಮಾನ್ಯ. ಪುಸ್ತಕ ಕೊಂಡವರನ್ನು ಚೀಟಿ ಎತ್ತಿ ಗೊತ್ತುಮಾಡಿದವರಾರು? ಹಣವುಳ್ಳವರು, ಮೊದಲೇ ಶ್ರಮಶೀಲರಾದವರು, ಒಳ್ಳೆಯ ಶಿಕ್ಷಕರುಳ್ಳವರು ತಾವಾಗಿಯೇ ಆ ಗುಂಪಿಗೆ ಸೇರಿರಬಹುದಲ್ಲವೆ? ಅವರು ಪುಸ್ತಕವಿಲ್ಲದೆಯೂ ಅದೇ ದರ್ಜೆಯನ್ನು ಪಡೆಯುತ್ತಿರಲಿಲ್ಲವೆಂದು ಹೇಗೆ ಹೇಳುವುದು? ಕ್ರೆಡಿಟ್ ಗಳಿಸಿದವರು ಕಾಲೇಜಿನಲ್ಲಿ ಮುಂದೆ ಬರುತ್ತಾರೆಂಬ ಮಾತಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ತನ್ನ ಸುತ್ತಲಿನ ವ್ಯಾಪಾರವನ್ನು ಪರೀಕ್ಷಿಸುವ ಒರೆಗಲ್ಲನ್ನು ಈ ಪರೀಕ್ಷೆ ತನ್ನೊಳಗೇ ಇಟ್ಟುಕೊಂಡಿದೆ. ಪುಸ್ತಕದ ಒಳಗಿನ ಪಾಠದಿಂದ ಅದರ ರಕ್ಷಾಪುಟದ ಮೇಲಿನ ಮಾತನ್ನು ಪ್ರಶ್ನಿಸಲು ಕಲಿತ ವಿದ್ಯಾರ್ಥಿ ಸಿದ್ಧನಾಗಿದ್ದಾನೆ ಎನ್ನಬಹುದು.

ಆದುದರಿಂದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನಾವು ಸೂಚಿಸುವ ಕ್ರಮ ಸರಳವಾದುದು. ಹಳೆಯ ಪ್ರಶ್ನೆಯೊಂದಕ್ಕೆ ಸೂಚನೆಗಳನ್ನು ನೋಡದೆ ಉತ್ತರವನ್ನು ಪೂರ್ಣವಾಗಿ ಬರೆಯಬೇಕು. ಬರೆದ ತೀರ್ಮಾನದಲ್ಲಿ ಒಂದೊಂದೇ ಪದವನ್ನು ಹೊಡೆದುಹಾಕಿ, ಈಗ ಯಾವ ಸುಳ್ಳು ಒಳಗೆ ಬಂತು ಎಂದು ಕೇಳಬೇಕು. ಯಾವ ಸುಳ್ಳೂ ಬರದಿದ್ದರೆ ಆ ಪದ ಅಲ್ಲಿ ಅನವಶ್ಯಕ. ಸುಳ್ಳು ಬಂದು, ಅದನ್ನು ಬಾಯಿಂದ ವಿವರಿಸಲು ಬಾರದಿದ್ದರೆ, ಆ ಪದ ಅಲ್ಲಿರುವುದು ಮಾರ್ಗದರ್ಶಿಯ ಕೃಪೆಯಿಂದ. ಮೌಲ್ಯಮಾಪನದ ಸೂಚನೆಗಳನ್ನು ಇದಾದ ಮೇಲೆ ತೆರೆಯುವುದು ಲೇಸು. ಲೆಕ್ಕದ ಅಭ್ಯಾಸಕ್ಕೆ ಕೊಡುವ ಹೊತ್ತಿನಲ್ಲಿ ಅರ್ಧವನ್ನು ಇದಕ್ಕೆ ಕೊಟ್ಟರೂ ನಷ್ಟವಾಗದು. ಲೆಕ್ಕಕ್ಕೆ ಯಂತ್ರವಿದೆ, ವಾಕ್ಯಕ್ಕೆ ತಾನೇ ಹೊಣೆ.

ಪರೀಕ್ಷೆಯು ಕೇಳುವ ವಾಕ್ಯ ಸತ್ಯನಿಷ್ಠವಾದುದು. ತಿಳಿದಷ್ಟನ್ನು ಹೇಳಿ, ತಿಳಿಯದುದರ ಎಲ್ಲೆಯನ್ನೂ ತೋರಿಸುವ ವಾಕ್ಯ ಅದು. ಅದನ್ನು ಅರ್ಥವಿಲ್ಲದೆ ಉರುಹೊಡೆದು ಕ್ರೆಡಿಟ್ ಪಡೆಯುವುದು ಸಾಧ್ಯವೆಂಬುದು ಪರೀಕ್ಷೆಯ ಕೊರತೆ. ಆ ಕೊರತೆಯನ್ನು ತುಂಬಬಲ್ಲವರು ಮೇ ತಿಂಗಳಿಗೆ ಮೊದಲು ವಿದ್ಯಾರ್ಥಿಯ ಎದುರಿಗೆ ನಿಂತಿರುವ ಅಧ್ಯಾಪಕರೇ ಹೊರತು ಜೂನ್ ತಿಂಗಳಲ್ಲಿ ಕುಳಿತು ಅಂಕ ಹಾಕುವವರಲ್ಲ.